ರಚ್ಚಿನ ಬಾಚಣಿಗೆ

ಆ ತಿಂಗಳು ನಮ್ಮ ಮನೆಯಲ್ಲಿ ಎಲ್ಲಿ ನೋಡಿದರೂ ಹಲ್ಲಿಲ್ಲದ ಬಾಚಣಿಗೆಗಳೇ. ಜಗಲಿ ಮೇಲೆ, ಅಡುಗೆಮನೆ ಕಿಟಕಿಯಲ್ಲಿ, ಕೊಟ್ಟಿಗೆಯ ಗೋಡೆ ಮೇಲೆ. ಕೆಲವಕ್ಕೆ ಅರ್ಧರ್ಧ ಹಲ್ಲು, ಕೆಲವಕ್ಕೆ ಒಂದು ಪಕ್ಕದಲ್ಲಿ ಮಾತ್ರ ಹಲ್ಲು, ಕೆಲವು ಬರೀ ಬೆನ್ನು. ನಮ್ಮತ್ತೆ ಚಿಕ್ಕಬೋರಮ್ಮ ಅವನ್ನು ಎಸೆಯಲು ಬಿಡುತ್ತಿರಲಿಲ್ಲ. ಒಂದರಲ್ಲಿ ಹಸುವಿನ ಬಾಲದ ಕೂದಲು ಬಾಚುತ್ತಿದ್ದರು, ಇನ್ನೊಂದರಲ್ಲಿ ಅವರೆಕಾಯಿ ಸಿಪ್ಪೆ ಗುಡ್ಡೆ ಮಾಡುತ್ತಿದ್ದರು. "ನನ್ ಸೊಸೆ ಮಾಡಿರೋದು, ಎಂಗ್ ಬಿಸಾಕನ?" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಅವರಿಗೆ ಹೆಮ್ಮೆ. ನನಗೆ ಅವನ್ನು ಕಂಡರೆ ಮೈಯೆಲ್ಲ ಉರಿ.

ನನ್ನ ಹೆಸರು ರಂಜಿತ. ತವರು ಕೆ.ಆರ್. ಪೇಟೆ. ಮೈಸೂರಿನಲ್ಲಿ ಪ್ಲಾಸ್ಟಿಕ್ ಕೆಲಸದ ಡಿಪ್ಲೊಮಾ ಓದಿ, ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ದುಡಿದು, ಮದುವೆಯಾಗಿ ಕ್ಯಾತನಹಳ್ಳಿಗೆ ಬಂದವಳು. ನನ್ನ ಗಂಡ ಕಿಶನ್ ಮನೆಯ ಹಳೇ ಆಲೆಮನೆಯಲ್ಲಿ, ಬೆಲ್ಲದ ಕೊಪ್ಪರಿಗೆ ಇದ್ದ ಜಾಗದಲ್ಲಿ, ಒಂದು ಹಳೇ ಇಂಜೆಕ್ಷನ್ ಮೋಲ್ಡಿಂಗ್ ಮೆಷಿನ್ ತಂದಿಟ್ಟುಕೊಂಡು ಹಾಲಿನ ಕ್ಯಾನಿನ ಮುಚ್ಚಳ, ಬಕೆಟ್ಟಿನ ಹಿಡಿ ಮಾಡುತ್ತಿದ್ದ. ಅತ್ತೆಯ ಎದುರಿಗೆ ಅವನನ್ನು ನಾನು 'ರೀ' ಅನ್ನುತ್ತೇನೆ. ಮೆಷಿನ್ ಹತ್ತಿರ 'ಲೋ' ಅನ್ನುತ್ತೇನೆ. ಅತ್ತೆಗೆ ಎರಡೂ ಗೊತ್ತು.

ಬಾಚಣಿಗೆಯ ಹುಚ್ಚು ನನ್ನದೇ. ಕಬ್ಬು ಹಿಂಡಿದ ಮೇಲೆ ಉಳಿಯುವ ಸಿಪ್ಪೆಗೆ ನಮ್ಮ ಕಡೆ ರಚ್ಚು ಅನ್ನುತ್ತಾರೆ. ಊರ ತುಂಬ ಬಿದ್ದಿರುತ್ತದೆ. ಅದನ್ನು ಒಣಗಿಸಿ, ಹಿಟ್ಟಿನ ಹಾಗೆ ಪುಡಿ ಮಾಡಿ, ಪ್ಲಾಸ್ಟಿಕ್ಕಿಗೆ ಸೇರಿಸಿ ಕಂದುಬಣ್ಣದ ಕಾಳು ಮಾಡಿಸಿದೆ. ಆ ಕಾಳನ್ನು ಕರಗಿಸಿ ಅಚ್ಚಿಗೆ ಒತ್ತಿದರೆ ಬಾಚಣಿಗೆ. ಶ್ರೀರಂಗಪಟ್ಟಣದ ಸಹನ ಎಂಬಾಕೆ ಹೋಟೆಲುಗಳಿಗೆ ಸೋಪು, ಬಾಚಣಿಗೆ ಇಂಥ ಸಾಮಾನು ಪೂರೈಸುತ್ತಾಳೆ. ಪ್ಲಾಸ್ಟಿಕ್ ಕಡಿಮೆ ಇರುವ ಬಾಚಣಿಗೆ ಮಾಡಿಕೊಟ್ಟರೆ ಕೆ.ಆರ್.ಎಸ್.ನಿಂದ ಮೈಸೂರಿನವರೆಗೆ ಎಲ್ಲ ಹೋಟೆಲಿಗೂ ನಿಮ್ಮದೇ ಅಂದಿದ್ದಳು.

ಬರೀ ಪ್ಲಾಸ್ಟಿಕ್ ಕರಗಿದರೆ ಸಲೀಸಾಗಿ ಹರಿಯುತ್ತದೆ. ಪುಡಿ ಸೇರಿದ ಕೂಡಲೇ ಅದರ ಗುಣವೇ ಬೇರೆ. ಪುಡಿ ತಾನು ಕರಗುವುದಿಲ್ಲ, ಕರಗಿದ ಪ್ಲಾಸ್ಟಿಕ್ಕು ಅದನ್ನು ಹೊತ್ತುಕೊಂಡು ಹೋಗಬೇಕು. ಕಣಕ್ಕೆ ಕಣ ಉಜ್ಜುತ್ತದೆ. ದಾರಿ ಕಿರಿದಾದಷ್ಟೂ ಮೊಂಡು ಹಿಡಿಯುತ್ತದೆ. ಬಾಚಣಿಗೆಯ ಬೆನ್ನು ದಪ್ಪ, ಅಲ್ಲೇನೋ ತುಂಬುತ್ತದೆ. ಹಲ್ಲು ಸಣ್ಣ, ಅಚ್ಚು ತಣ್ಣಗೆ. ಒಳಗೆ ಹೊರಟದ್ದು ತುದಿ ಮುಟ್ಟುವ ಮೊದಲೇ ಗಟ್ಟಿಯಾಗಿ ನಿಂತುಬಿಡುತ್ತದೆ. ಶಾಖ ಏರಿಸೋಣ ಅಂದರೆ ರಚ್ಚು ಸೀಯುತ್ತದೆ. ಆಲೆಮನೆಯಲ್ಲಿ ಪಾಕ ತಳ ಹಿಡಿದಾಗ ಬರುತ್ತಲ್ಲ, ಅದೇ ವಾಸನೆ ಶೆಡ್ಡಿನ ತುಂಬ. ಪುಡಿ ಕಡಿಮೆ ಮಾಡೋಣ ಅಂದರೆ ಸಹನ ಒಪ್ಪುವುದಿಲ್ಲ, ಮೂರರಲ್ಲೊಂದು ಪಾಲು ಪುಡಿ ಇರಲೇಬೇಕು.

ಇದರ ನಡುವೆ ಹೊಸೂರಿನ ಒಂದು ದೊಡ್ಡ ಫ್ಯಾಕ್ಟರಿ ನನ್ನನ್ನು ಕೆಲಸಕ್ಕೆ ಕರೆಯಿತು. ಮುಂದಿನ ಸೋಮವಾರ ಬಂದು ಸೇರಬೇಕು, ಇಲ್ಲವೇ ಬಿಡಬೇಕು. ಅಲ್ಲಿಗೆ ಹೋದರೆ ತಿಂಗಳಿಗೊಮ್ಮೆ ಊರಿಗೆ ಬಂದು ಹೋಗುವ ಬದುಕು. ನನಗೆ ಹೋಗಲು ಇಷ್ಟವಿರಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಓದಿದ್ದನ್ನೆಲ್ಲ ಬಕೆಟ್ಟಿನ ಹಿಡಿಗೆ ಸುರಿದು ಕೂರಲೂ ಮನಸ್ಸು ಒಪ್ಪುತ್ತಿರಲಿಲ್ಲ. ನಾನೂ ಕಿಶನ್ನೂ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ಶುಕ್ರವಾರ ಸಹನ ಬಂದು ಬಾಚಣಿಗೆ ನೋಡುತ್ತಾಳೆ. ಹಲ್ಲು ನಿಂತರೆ ನಾನು ನಿಲ್ಲುವುದು, ಇಲ್ಲದಿದ್ದರೆ ಹೊಸೂರು.

ಇದನ್ನು ಅತ್ತೆಗೆ ಹೇಳಿದ್ದು ಕಿಶನ್. ನನಗೆ ಧೈರ್ಯವಾಗಲಿಲ್ಲ. ಅತ್ತೆ ಕೇಳಿಸಿಕೊಂಡು, "ಅಲ್ಲಿ ಊಟಕ್ಕೆ ಇಟ್ಟು ಸಿಕ್ತದಾ?" ಎಂದು ಮಾತ್ರ ಕೇಳಿದರಂತೆ. ಇಟ್ಟು ಅಂದರೆ ಅವರ ಬಾಯಲ್ಲಿ ರಾಗಿಮುದ್ದೆ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ತಲೆ ಕೆಟ್ಟು ಮೊಸರಾಗಿತ್ತು. ಬೆಳಗಿನಿಂದ ಒಂದು ಬಾಚಣಿಗೆಯೂ ಸರಿಯಾಗಿ ಬಂದಿರಲಿಲ್ಲ. "ಹರಿಯೋದೇ ಇಲ್ಲ ಕಣ್ರೀ. ಗಟ್ಟಿ. ಒಂಚೂರು ಸಡಿಲ ಆಗಿದ್ರೆ ತುದಿ ಮುಟ್ಟಿರೋದು" ಎಂದು ಕಿಶನ್‌ಗೆ ಹೇಳಿದೆ.

ಅತ್ತೆ ಸಾರು ಬಡಿಸುತ್ತಿದ್ದವರು ಸೌಟು ಹಿಡಿದುಕೊಂಡೇ ನಿಂತರು. "ಗಟ್ಟಿ ಆದ್ರೆ ಏನ್ಮಾಡೀರವ್ವ ಅದ್ಕೆ?"

"ಏನೂ ಮಾಡಕ್ಕಾಗಲ್ಲ ಅತ್ತೆ. ನಿಮಗೆ ಅದೆಲ್ಲ ಗೊತ್ತಾಗಲ್ಲ, ಬಿಡಿ."

"ಊಂ, ಬುಡು" ಅಂದರು. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿತ್ತು. ನನ್ನ ಸಿಟ್ಟೆಲ್ಲ ಮೂಗಿನ ತುದಿಯಲ್ಲಿರುತ್ತದೆ ಎಂದು ಅವರಿಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು, ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡವರಲ್ಲ.

ಮರುದಿನ ಸೋಮವಾರ ಬೆಳಿಗ್ಗೆ ಮೆಷಿನ್ ಶುರು ಮಾಡಿದೆವು, ಹೊಸೂರಿಗೆ ಇನ್ನೂ ಒಂದು ವಾರವಿತ್ತು. ಮೊದಲ ಬಾಚಣಿಗೆ ಬಿತ್ತು. ಎಲ್ಲ ಹಲ್ಲೂ ಇತ್ತು! ಎರಡನೆಯದಕ್ಕೂ ಇತ್ತು. ಕಿಶನ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಶಾಖ ಮುಟ್ಟಿಲ್ಲ, ಒತ್ತಡ ಮುಟ್ಟಿಲ್ಲ, ಎಲ್ಲ ನಿನ್ನೆಯದೇ. ತಾನಾಗಿ ಹರಿದಿದೆ. ಕಿಶನ್ ಖುಷಿಗೆ ಅಂಗಳಕ್ಕೆ ಓಡಿ, "ಅವ್ವಾ, ಬಾಚಣ್ಗೆಗೆ ಅಲ್ಲು ಬಂದ್ಬುಡ್ತು!" ಎಂದು ಕೂಗಿದ. ಅತ್ತೆ ಕೊಟ್ಟಿಗೆಯಿಂದ ಇಣುಕಿ, ಮುಖದ ತುಂಬ ನಗು ಮಾಡಿಕೊಂಡು, ಮತ್ತೆ ಹಾಲು ಕರೆಯಲು ಕೂತರು.

ನನ್ನ ಖುಷಿ ಬಾಚಣಿಗೆ ತಣ್ಣಗಾಗುವವರೆಗೆ ಮಾತ್ರ. ಬೆಳಕಿಗೆ ಹಿಡಿದು ನೋಡಿದರೆ ಬೆನ್ನ ಮೇಲೆಲ್ಲ ಬೆಳ್ಳಿ ಗೆರೆ, ಬಸವನಹುಳು ಹರಿದು ಹೋದ ಹಾಗೆ. ಬೆರಳಲ್ಲಿ ಹಲ್ಲು ಮೀಟಿದೆ, ಟಪ್ ಎಂದು ಮುರಿಯಿತು. ಮುರಿದ ಕಡೆ ಸಣ್ಣ ಸಣ್ಣ ಗುಳ್ಳೆ. ಇದಕ್ಕೆ ಕಾರಣ ಒಂದೇ, ನೀರು. ಕಾಳಿನಲ್ಲಿ ತೇವ ಉಳಿದರೆ ಮೆಷಿನ್ನಿನ ಶಾಖಕ್ಕೆ ಅದು ಹಬೆಯಾಗುತ್ತದೆ. ಹಬೆ ಪ್ಲಾಸ್ಟಿಕ್ಕನ್ನು ಉಬ್ಬಿಸಿ ಮುಂದಕ್ಕೆ ತಳ್ಳುವುದೇನೋ ನಿಜ, ಹಲ್ಲು ತುಂಬುತ್ತದೆ. ಆದರೆ ಒಳಗೆಲ್ಲ ಟೊಳ್ಳು. ರಚ್ಚಿನ ಪುಡಿಯಂತೂ ನೀರು ಕಂಡರೆ ಬಿಡುವುದೇ ಇಲ್ಲ. ಅದಕ್ಕೇ ನಾವು ದಿನಾ ಸಂಜೆ ಕಾಳನ್ನು ಓವನ್ನಿನಲ್ಲಿ ಒಣಗಿಸಿ, ಮುಚ್ಚಳದ ಡ್ರಮ್ಮಿಗೆ ತುಂಬಿ, ಬೆಳಿಗ್ಗೆ ಅದರಿಂದಲೇ ಮೆಷಿನ್ನಿಗೆ ಹಾಕುತ್ತಿದ್ದದ್ದು.

ಓವನ್ನಿನ ಜವಾಬ್ದಾರಿ ಕಿಶನ್‌ದು. ಕೇಳಬೇಕೇ.

"ಬೇಗ ಆಫ್ ಮಾಡ್ದೆ ತಾನೆ?"

"ಇಲ್ಲ ಕಣೇ, ಪೂರ್ತಿ ಹೊತ್ತು ಬಿಟ್ಟಿದ್ದೆ."

"ಮತ್ತೆ ನೀರು ಆಕಾಶದಿಂದ ಬಂತಾ?"

ಮಂಗಳವಾರವೂ ಅದೇ. ಆ ಸಂಜೆ ಓವನ್ನಿನ ಎದುರು ನಾನೇ ಕಾವಲು ಕೂತೆ. ಬುಧವಾರ ಬೆಳಿಗ್ಗೆ ಮತ್ತೆ ಬೆಳ್ಳಿ ಗೆರೆ, ಮತ್ತೆ ಗುಳ್ಳೆ. ಕಿಶನ್ ಡ್ರಮ್ಮಿನ ಮುಚ್ಚಳ ಸರಿಯಾಗಿ ಹಾಕಿಲ್ಲ ಎಂದು ಜಗಳ ತೆಗೆದೆ. ಅವನು ಮುಚ್ಚಳವನ್ನು ನನ್ನ ಕೈಗೇ ಕೊಟ್ಟು, "ನೀನೇ ಹಾಕ್ಕೋ, ತಲೆ ಮೇಲೆ ಇಟ್ಕೋ" ಎಂದು ಹೊಲದ ಕಡೆ ಹೋದ. ಬುಧವಾರ ಇಡೀ ದಿನ ನಾವಿಬ್ಬರೂ ಮಾತಾಡಲಿಲ್ಲ. ಅತ್ತೆ ಮಾತ್ರ ಇಬ್ಬರ ಮುಖವನ್ನೂ ನೋಡಿ ನೋಡಿ, ಅಲ್ಲು ಬಂದ್ಮೇಲೂ ಯಾಕಿಂಗವ್ರೆ ಇವ್ರು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಗುರುವಾರ ಬೆಳಕು ಹರಿಯುವ ಹೊತ್ತಿಗೆ ನನಗೆ ಎಚ್ಚರವಾಯಿತು. ನಾಳೆ ಸಹನ ಬರುತ್ತಾಳೆ. ಹಾಸಿಗೆಯಲ್ಲಿರಲು ಆಗದೆ ಆಲೆಮನೆಗೆ ನಡೆದೆ. ಬಾಗಿಲು ತೆರೆದಿತ್ತು.

ಅತ್ತೆ ಡ್ರಮ್ಮಿನ ಮುಂದೆ ಕೂತಿದ್ದರು. ಮುಚ್ಚಳ ತೆಗೆದು ನೆಲಕ್ಕಿಟ್ಟಿದ್ದರು. ಪಕ್ಕದಲ್ಲಿ ಹಿತ್ತಾಳೆ ಚೊಂಬು. ಚೊಂಬಿಗೆ ಕೈ ಅದ್ದಿ ಕಾಳಿನ ಮೇಲೆ ನೀರು ಚಿಮುಕಿಸುತ್ತಿದ್ದರು, ಆಮೇಲೆ ಮೊಣಕೈವರೆಗೂ ಡ್ರಮ್ಮಿನೊಳಗೆ ಇಳಿಸಿ, ತಳದ ಕಾಳು ಮೇಲೆ, ಮೇಲಿನದು ತಳಕ್ಕೆ, ಒಂದು ಕಾಳೂ ಚೆಲ್ಲದಂತೆ ಕಲೆಸುತ್ತಿದ್ದರು. ಬಾಯಲ್ಲಿ ಮಾತು ನಡೆದೇ ಇತ್ತು. "ಅರೀರಪ್ಪ, ಸಲೀಸಾಗಿ ಅರೀರಿ. ನನ್ ಮಗ್ಳು ಊರ್ ಬುಟ್ ಓಗಂಗ್ ಮಾಡ್ಬ್ಯಾಡಿ."

ಸೊಸೆ ಅನ್ನಲಿಲ್ಲ, ಮಗಳು ಅಂದರು. ಅದು ಕಿವಿಗೆ ಬಿತ್ತು. ಆದರೂ ನನ್ನ ಬಾಯಿಂದ ಹೊರಟದ್ದು ಕಿರುಚಾಟವೇ.

"ಅತ್ತೆ! ಏನ್ ಮಾಡ್ತಿದ್ದೀರಾ?"

ಚೊಂಬು ಉರುಳಿತು. ಅವರು ತಿರುಗಿ ನೋಡಿ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗಲ್ಲ, ಹಬ್ಬದ ಅಡುಗೆಯನ್ನು ಮುಂಚೆಯೇ ಯಾರೋ ನೋಡಿಬಿಟ್ಟರೆ ನಾಚುತ್ತಾರಲ್ಲ, ಹಾಗೆ ನಕ್ಕರು.

"ಗಟ್ಟಿ ಆಯ್ತು ಅಂತಿದ್ದಲ್ಲಮ್ಮಿ. ಇಟ್ಟು ಗಟ್ಟಿ ಆದ್ರೆ ನಾವೇನ್ ಮಾಡೀವಿ? ಒಂದ್ ಕೈ ನೀರ್ ಚಿಮುಕ್ಸಿ ಮುಚ್ಚಿಕ್ತೀವಿ, ಅದವಾಗಿ ಮೆತ್ತಗೆ ಬತ್ತದೆ. ಸೋಮ್ವಾರದಿಂದ ಚಿಮುಕಿಸ್ತಾವ್ನಿ. ನೋಡು, ಅಲ್ಲು ಬಂತಲ್ಲ! ನಿಂಗೇಳಿದ್ರೆ ಬ್ಯಾಡ ಅಂತೀಯ ಅಂತ ಏಳ್ಲಿಲ್ಲ."

ನಾನು ತೇವದ ಕಾಳನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ. ಕಿಶನ್ ಜೊತೆ ಆಡಿದ ಜಗಳ, ಓವನ್ ಕಾದದ್ದು, ಮುರಿದು ಬಿದ್ದ ಹಲ್ಲು, ಎಲ್ಲ ಒಟ್ಟಿಗೆ ನೆತ್ತಿಗೇರಿತು. "ನೀರಿಂದಲೇ ಕೆಟ್ಟಿದ್ದು ಅತ್ತೆ! ಹಲ್ಲು ಮುರೀತಿರೋದು ಈ ನೀರಿಂದಲೇ!"

ಅವರ ನಗು ಹಾಗೇ ನಿಂತಿತು. "ನಾನಾ ಕೆಡ್ಸಿದ್ದು?"

ಇಲ್ಲ ಅನ್ನಬಹುದಿತ್ತು. ಸಿಟ್ಟಿನಲ್ಲಿ, "ಹೂಂ" ಅಂದುಬಿಟ್ಟೆ.

ಅತ್ತೆ ಚೊಂಬು ಎತ್ತಿಕೊಂಡು, ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನ ಪಕ್ಕದಿಂದ ದಾಟಿ ಮನೆಗೆ ಹೋದರು. ನಾನು ಅವರ ಹಿಂದೆ ಹೋಗಬೇಕಿತ್ತು. ಆದರೆ ಇದ್ದದ್ದು ಒಂದು ದಿನ, ಕಾಳು ಒದ್ದೆ. ಕಿಶನ್‌ನನ್ನು ಎಬ್ಬಿಸಿ ಓವನ್ ಹಚ್ಚಿಸಿದೆ. ನಡೆದದ್ದನ್ನು ಕೇಳಿ ಅವನು ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿ, "ಅವ್ವನ್ನ ಬಯ್ದ್ಯಾ?" ಎಂದು ಕೇಳಿದ. ನಾನು ಓವನ್ನಿನ ಬಾಗಿಲು ತೆಗೆದು ಕಾಳು ತಿರುವಲು ಹೋದೆ.

ಕಾಳು ಒಣಗಿತು, ಮೆಷಿನ್ ಓಡಿತು. ಹಲ್ಲು ಮತ್ತೆ ಮೋಟು! ಗೆರೆ ಇಲ್ಲ, ಗುಳ್ಳೆ ಇಲ್ಲ, ಬಂದಷ್ಟು ಹಲ್ಲು ಕಲ್ಲಿನ ಹಾಗೆ ಗಟ್ಟಿ, ಆದರೆ ಅರ್ಧಕ್ಕೇ ನಿಂತಿದೆ. ಎಲ್ಲಿ ಹೊರಟಿದ್ದೆವೋ ಅಲ್ಲಿಗೇ ಬಂದಿದ್ದೆವು. ಕಿಶನ್ ನೆಲದ ಮೇಲೆ ಕೂತುಬಿಟ್ಟ. ನಾನೂ ಅವನ ಪಕ್ಕ ಕೂತೆ.

ಕೂತು ಯೋಚಿಸಿದೆ. ಅತ್ತೆ ಹಾಕಿದ್ದು ಡ್ರಮ್ಮಿಗೆ ಒಂದು ಕೈ ನೀರು ಮಾತ್ರ. ಅಷ್ಟಕ್ಕೇ ತುದಿ ಮುಟ್ಟಿತ್ತು. ಅಂದರೆ ಬೇಕಾದದ್ದು ಬಹಳವಲ್ಲ, ಇಷ್ಟೇ ಇಷ್ಟು ಸಡಿಲ. ಪುಡಿ ತುಂಬಿದ ಪ್ಲಾಸ್ಟಿಕ್ಕಿಗೆ ಒಂದು ಗುಣವಿದೆ, ಮೆಲ್ಲಗೆ ತಳ್ಳಿದರೆ ಮೊಂಡು ಹಿಡಿಯುತ್ತದೆ, ರಭಸವಾಗಿ ತಳ್ಳಿದರೆ ಸಡಿಲವಾಗುತ್ತದೆ. ಪರೀಕ್ಷೆಗೆ ಓದಿ ಬರೆದು ಬಂದ ಮಾತು ಇದು. ರಭಸಕ್ಕೆ ಉಜ್ಜಿ ಕಾವೇರಿದರೆ ರಚ್ಚು ಸೀದೀತು ಎಂಬ ಹೆದರಿಕೆಗೆ ನಾನೇ ಇಷ್ಟು ದಿನ ಮೆಷಿನ್ನನ್ನು ನಿಧಾನಕ್ಕೆ ಒತ್ತಿಸಿದ್ದೆ.

"ವೇಗ ಏರಿಸೋಣ" ಅಂದೆ.

"ಹಳೇ ಮೆಷಿನ್ ಕಣೇ. ಅಚ್ಚು ಬಾಯಿ ಬಿಟ್ಕೊಂಡ್ರೆ?"

"ಬಿಟ್ಕೊಂಡ್ರೆ ಹೊಸೂರು. ಏರಿಸೋ ಲೋ."

ಶಾಖವನ್ನು ಸ್ವಲ್ಪ ಇಳಿಸಿದೆ, ಅಚ್ಚನ್ನು ಬೆಚ್ಚಗೆ ಮಾಡಿದೆ, ವೇಗ ಏರಿಸುತ್ತ ಹೋದೆ. ಮೊದಲು ಹಲ್ಲಿನ ತುದಿ ಕಪ್ಪಾಯಿತು, ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲದೆ ಸುಟ್ಟಿತ್ತು. ಕಿಶನ್ ಅಚ್ಚು ಬಿಚ್ಚಿ, ಹಲ್ಲಿನ ತುದಿಗಳಲ್ಲಿ ಗಾಳಿ ಹೋಗಲು ಕೂದಲೆಳೆಯಷ್ಟು ಗೀರು ಕೊರೆದ. ಆ ಕೈಚಳಕ ಅವನದೇ, ನನಗೆ ಬಾರದು. ಮತ್ತೆ ಜೋಡಿಸಿ ಒತ್ತಿದೆವು. ಬಾಚಣಿಗೆ ಬಿತ್ತು. ಹಲ್ಲೆಲ್ಲ ಇತ್ತು. ಬೆನ್ನು ನುಣ್ಣಗಿತ್ತು. ಒಂದು ಹಲ್ಲು ಹಿಡಿದು ಬಗ್ಗಿಸಿದೆ, ಬಾಗಿ ವಾಪಸು ಬಂತು. ಕೊನೆಯ ಹಲ್ಲು ಮಾತ್ರ ಒಮ್ಮೊಮ್ಮೆ ಕೈಕೊಡುತ್ತಿತ್ತು. ಸಾಕು, ಮೊದಲು ಅತ್ತೆಗೆ ತೋರಿಸೋಣ ಎಂದು ಅದನ್ನು ಹಿಡಿದುಕೊಂಡು ಮನೆಗೆ ಓಡಿದೆ.

ಮನೆಯಲ್ಲಿ ಅತ್ತೆ ಇರಲಿಲ್ಲ. ಅಡುಗೆ ಮಾಡಿ ಮುಚ್ಚಿಟ್ಟಿದ್ದರು. ಹಸುಗಳಿಗೆ ಹುಲ್ಲು ಹಾಕಿತ್ತು. ಕಿಶನ್ ಫೋನ್ ಮಾಡಿದ. ಅವರು ದೇವಲಾಪುರದಲ್ಲಿ, ತಮ್ಮ ತಂಗಿ ಪಾರ್ವತಮ್ಮನ ಮನೆಯಲ್ಲಿದ್ದರು, ಮಧ್ಯಾಹ್ನದ ಬಸ್ಸು ಹತ್ತಿ ಹೋಗಿದ್ದರು. ಫೋನಿನಲ್ಲಿ ಅವರ ದನಿ ನನಗೂ ಕೇಳುತ್ತಿತ್ತು. "ಅಲ್ಲಿದ್ರೆ ನನ್ ಕೈ ಸುಮ್ಕಿರಕ್ಕಿಲ್ಲ ಕಣ್ಲಾ ಮಗ. ಇನ್ನೇನಾರಾ ಮಾಡಿ ಕೆಡಿಸ್ಬುಡ್ತೀನಿ. ರಂಜಿ ಓಗೋದ್ ಬ್ಯಾಡ. ಅದ್ಕೆ ನಾನೇ ಊರ್ ಬುಟ್ ಬಂದಿವ್ನಿ."

ಕಿಶನ್ ಫೋನ್ ಇಟ್ಟು ನನ್ನ ಕಡೆ ನೋಡಲಿಲ್ಲ. ಬಾಚಣಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು. ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಅವರು ಮಾಡಿಟ್ಟ ಮುದ್ದೆ ತಣ್ಣಗಾಗಿತ್ತು, ತಿನ್ನಲು ಆಗಲಿಲ್ಲ.

ಶುಕ್ರವಾರ ಸಹನ ಬಂದಳು. ಒಳ್ಳೆಯ ಹುಡುಗಿ, ಆದರೆ ವ್ಯವಹಾರದಲ್ಲಿ ಗಟ್ಟಿ. ಒಂದೊಂದು ಬಾಚಣಿಗೆಯನ್ನೂ ಬೆಳಕಿಗೆ ಹಿಡಿದಳು, ಬಗ್ಗಿಸಿದಳು, ನೆಲಕ್ಕೆ ಎಸೆದಳು. "ಕೊನೇ ಹಲ್ಲು ನೋಡಿ ಮೇಡಂ, ಕೆಲವದ್ರಲ್ಲಿ ಗಿಡ್ಡ ಇದೆ" ಅಂದಳು. ನಾನು ಬಾಯಿ ತೆರೆಯುವ ಮೊದಲೇ, "ನಾನು ಬಿಸಿನೀರಲ್ಲಿ ನೆನೆಸಿ ನೋಡ್ಬೇಕು, ಸಂಜೆ ಫೋನ್ ಮಾಡ್ತೀನಿ. ಈಗಲೇ ಏನೂ ಹೇಳಲ್ಲ" ಎಂದು ಒಂದು ಚೀಲ ತುಂಬಿಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟಳು. ಅವಳ ಕಾರು ತಿರುವು ದಾಟುವ ಮೊದಲೇ ನಾನು ಸ್ಕೂಟರ್ ತೆಗೆದಿದ್ದೆ. ಸಂಜೆವರೆಗೆ ಕಾಯಲು ನನ್ನಿಂದಾಗುತ್ತಿರಲಿಲ್ಲ.

ನಾಲೆಯ ಹಸಿರು ಮುಗಿದು, ಕಬ್ಬು ಹಿಂದಾಗಿ, ಹುರುಳಿ ಹೊಲ ಶುರುವಾದರೆ ನಾಗಮಂಗಲದ ಕಡೆ ಬಂದೆವು ಅಂತ ಲೆಕ್ಕ. ದೇವಲಾಪುರದಲ್ಲಿ ಪಾರ್ವತಮ್ಮನ ಮನೆ ಮುಂದೆ ಅತ್ತೆ ಮೊರ ಹಿಡಿದು ಹುರುಳಿ ಕೇರುತ್ತಿದ್ದರು. ನಿಜವಾಗಿಯೂ ಅವರ ಕೈ ಸುಮ್ಮನಿರುವುದಿಲ್ಲ. ನನ್ನನ್ನು ಕಂಡು ಮೊರ ನಿಲ್ಲಿಸಿದರು.

"ಪಾಸಾಯ್ತಾ?"

"ಗೊತ್ತಿಲ್ಲ ಅತ್ತೆ. ಸಂಜೆ ಹೇಳ್ತಾಳಂತೆ."

"ಅಂಗಾರೆ ಯಾಕ್ ಬಂದೆ?"

"ಕರ್ಕೊಂಡು ಹೋಗಕ್ಕೆ."

"ನಾ ಬರಕ್ಕಿಲ್ಲ. ನೀನು ಊರಲ್ಲೇ ಉಳ್ಕೊಂಡೆ ಅಂತ ಗೊತ್ತಾಗ್ಲಿ, ಆಮ್ಯಾಕ್ ಬತ್ತೀನಿ. ನಿನ್ನ ಕಳ್ಸಿದೋಳು ನಾನು ಅನ್ನಿಸ್ಕಳಕ್ ಆಗಕ್ಕಿಲ್ಲ ಕಣಮ್ಮಿ."

ನಾನು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದೆ. ಅಲ್ಲೇ ಜಗಲಿ ಮೇಲೆ ಕೂತು ಹೊಸೂರಿಗೆ ಫೋನ್ ಮಾಡಿದೆ, ಅತ್ತೆಗೆ ಕೇಳಲಿ ಎಂದು ಸ್ಪೀಕರ್ ಹಾಕಿದೆ. ನನ್ನನ್ನು ಕೆಲಸಕ್ಕೆ ಕರೆದಿದ್ದ ರಘುನಂದನ್ ಎತ್ತಿದರು.

"ಸರ್, ಸೋಮವಾರ ನಾನು ಬರ್ತಿಲ್ಲ."

"ಯಾಕಮ್ಮ, ಬೇರೆ ಕಡೆ ಸಿಕ್ತಾ?"

"ಇಲ್ಲ ಸರ್. ನಾನು ಊರಲ್ಲೇ ಇರ್ತೀನಿ."

"ಮತ್ತೆ ಕೇಳಿದ್ರೆ ಈ ಕೆಲಸ ಸಿಗಲ್ಲ, ಯೋಚನೆ ಮಾಡಿ" ಅಂದರು. ಮಾಡಿದ್ದೇನೆ ಎಂದು ಹೇಳಿ ಫೋನ್ ಇಟ್ಟೆ.

ಅತ್ತೆ ಮೊರ ಕೆಳಗಿಟ್ಟು ನನ್ನ ಮೇಲೆ ರೇಗಿದರು. "ಏನಮ್ಮಿ ಇಂಗ್ ಮಾಡ್ದೆ? ಆ ಉಡ್ಗಿ ಬ್ಯಾಡ ಅಂದ್ರೆ ಏನ್ ಗತಿ? ಅದೂ ಇಲ್ಲ, ಇದೂ ಇಲ್ಲ. ಓದ್ದೋಳು, ವಸಿನಾರಾ ಬುದ್ದಿ ಬ್ಯಾಡ್ವಾ ನಿಂಗೆ? ನಾನ್ ಕೆಡ್ಸಿದ್ ಕೆಲ್ಸಕ್ಕೆ ನೀನ್ಯಾಕ್ ಬಾಯಿಗ್ ಬಂದ್ ತುತ್ತ ಬುಡ್ತೀಯ?"

ಪಾರ್ವತಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ನಾನು ಅವರ ಎದುರಿಗೇ ಹೇಳಿದೆ. "ಹೊಸೂರಲ್ಲಿ ಎಲ್ಲಾ ಐತೆ ಅತ್ತೆ. ಹೊಸ ಮೆಷಿನ್ ಐತೆ, ಕಾಳು ಒಣಗಿಸೋ ಯಂತ್ರ ಐತೆ. ನಾನು ಊರು ಬಿಟ್ಟು ಹೋಗ್ಬಾರ್ದು ಅಂತ ಬೆಳಗ್ಗೆ ಬೆಳಗ್ಗೆ ಎದ್ದು ಬಂದು, ನನ್ ಕೆಲಸ ಕೆಡಿಸೋರು ಮಾತ್ರ ಅಲ್ಲಿ ಯಾರೂ ಇಲ್ಲ."

ಅತ್ತೆ ಮೊರದ ಹುರುಳಿಯನ್ನು ಬೆರಳಲ್ಲಿ ಕೆದಕಿದರು. ಕಣ್ಣು ಒರೆಸಿಕೊಂಡರು, ಧೂಳು ಎಂದು ತಂಗಿಗೆ ಹೇಳಿದರು. ಆಮೇಲೆ ಎದ್ದು ಸೀರೆ ಕೊಡವಿಕೊಂಡು, "ಬಸ್ಸಾ, ಗಾಡಿಯಾ?" ಅಂದರು.

"ಗಾಡಿ."

"ಮೆಲ್ಲಕ್ ಓಡ್ಸು ಮತ್ತೆ" ಎಂದು ಕೈಚೀಲ ತರಲು ಒಳಗೆ ಹೋದರು.

ಅರ್ಧ ದಾರಿಯಲ್ಲಿ ಫೋನ್ ಹೊಡೆದುಕೊಂಡಿತು. ಸಹನಳೇ ಇರಬೇಕು ಎಂದು ನಾನು ಗಾಡಿ ನಿಧಾನ ಮಾಡಿದೆ. ನನ್ನ ಸೊಂಟ ಬಳಸಿದ್ದ ಅತ್ತೆಯ ಕೈ ಬಿಗಿಯಾಯಿತು. "ಯಾರಾರಾ ಆಗ್ಲಿ, ಮನೇಗ್ ಓಗಿ ಮಾತಾಡೀವಂತೆ. ನಡಿ" ಅಂದರು. ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು, ನಾನು ನಿಲ್ಲಿಸಲಿಲ್ಲ. ಬಾಚಣಿಗೆ ಪಾಸಾಗಿದೆ ಎಂದು ಹೇಳಲು ಸಹನಳೇ ಮಾಡಿದ್ದಳು ಎನ್ನುವುದು ಮನೆ ಸೇರಿದ ಮೇಲೆ ಗೊತ್ತಾಯಿತು.